ಚೀಟಿ ಕಟ್ಟಿದ ಸ್ಟಾಪರ್

ಕಂಬಿ ಕತ್ತರಿಸುವ ಮಷೀನಿನ ಜೊತೆ ಒಂದು ಪುಸ್ತಕ ಬರುತ್ತದೆ. ಅದು ಒಂಬತ್ತು ಭಾಷೆಗಳಲ್ಲಿದೆ, ಕನ್ನಡ ಮಾತ್ರ ಅದರಲ್ಲಿಲ್ಲ. ಅದರ ಚಿತ್ರಗಳಲ್ಲಿ ಒಬ್ಬ ಮನುಷ್ಯ ಕನ್ನಡಕ, ಹೆಲ್ಮೆಟ್, ಬೂಟು ಎಲ್ಲಾ ಹಾಕಿಕೊಂಡು ಮದುವೆಗೆ ಹೊರಟವನಂತೆ ನಿಂತಿರುತ್ತಾನೆ. ಅವನ ಸುತ್ತ ಸಿಮೆಂಟಿನ ಧೂಳಿಲ್ಲ. ಕಾಲಡಿ ಕಂಬಿಯ ತುಂಡುಗಳಿಲ್ಲ. ಸಂಜೆಯೊಳಗೆ ಮುಗಿಸಿ ಎಂದು ಬೆನ್ನ ಹಿಂದೆ ಕೂಗುವವರೂ ಇಲ್ಲ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಈ ಮಷೀನುಗಳನ್ನು ಬಿಚ್ಚಿ ಜೋಡಿಸಿದ ನನಗೆ ಆ ಮನುಷ್ಯ ಒಂದು ದಿನವೂ ಎದುರಾಗಲಿಲ್ಲ.

ಹೋದ ತಿಂಗಳು ಸೌಮ್ಯಾ ರಾಜಗೋಪಾಲನಗರದ ನಮ್ಮ ಮನೆಗೆ ಬಂದಿದ್ದಳು. ನಾನು ನಿವೃತ್ತಳಾದ ಮೇಲೆ ಆ ವರ್ಕ್‌ಶಾಪಿನ ಸರ್ವೀಸ್ ವಿಭಾಗ ನೋಡಿಕೊಳ್ಳುತ್ತಿರುವವಳು ಅವಳೇ. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ವಿಷಯಕ್ಕೆ ಬಂದಳು.

"ಅಕ್ಕ, ಹೊಸದಾಗಿ ನಾಲ್ಕು ಜನ ಸೇರ್ಕೊಂಡಿದಾರೆ. ನೀವು ಒಂದೆರಡು ಪೇಜ್ ಬರ್ದುಕೊಡಿ. ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು, ಅಷ್ಟೇ."

"ಮಾಡ್ಬಾರದ್ದು ಬರೆಯೋಕೆ ಎರಡು ಪೇಜ್ ಸಾಲಲ್ಲ ಕಣೇ. ಅದೆಲ್ಲಾ ನಾನೇ ಮಾಡಿದೀನಿ" ಎಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಈ ಮಷೀನನ್ನು ಕಾಣದವರಿಗೆ ಮೊದಲು ಅದರ ಪರಿಚಯ ಮಾಡಿಕೊಡಬೇಕು. ನೋಡಲು ದಪ್ಪ ಡ್ರಿಲ್ಲಿಂಗ್ ಮಷೀನಿನ ಹಾಗಿರುತ್ತದೆ. ಒಬ್ಬರೇ ಎತ್ತಿಕೊಂಡು ಹೋಗಬಹುದು, ಆದರೆ ಮೂರನೇ ಮಹಡಿ ಹತ್ತುವಷ್ಟರಲ್ಲಿ ಅದನ್ನು ಮಾಡಿದವನಿಗೆ ನಾಲ್ಕು ಬೈಗುಳ ಬಿದ್ದಿರುತ್ತವೆ. ಮುಂದುಗಡೆ ಒಂದು ಬಾಯಿ, ಬಾಯಲ್ಲಿ ಎರಡು ಉಕ್ಕಿನ ಹಲ್ಲು. ಒಂದು ಹಲ್ಲು ಕದಲುವುದಿಲ್ಲ. ಗುಂಡಿ ಒತ್ತಿದರೆ ಒಳಗಿನ ಎಣ್ಣೆಯ ಒತ್ತಡಕ್ಕೆ ಪಿಸ್ಟನ್ ಮುಂದೆ ಬಂದು ಇನ್ನೊಂದು ಹಲ್ಲನ್ನು ತಳ್ಳುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಕಂಬಿ ಸೌತೆಕಾಯಿಯ ಹಾಗೆ ಎರಡಾಗುತ್ತದೆ. ಮೊದಲು ಇದೇ ಕೆಲಸಕ್ಕೆ ಒಬ್ಬ ಉಳಿ ಹಿಡಿಯಬೇಕಿತ್ತು, ಇನ್ನೊಬ್ಬ ಸುತ್ತಿಗೆ ಬೀಸಬೇಕಿತ್ತು.

ಬಾಯಿಯ ಪಕ್ಕದಲ್ಲಿ ಒಂದು ತಿರುಪಿದೆ. ಅದರ ಹೆಸರು ಸ್ಟಾಪರ್. ನಾನು ಬರೆಯಲು ಕೂತದ್ದೇ ಅದಕ್ಕಾಗಿ. ಎರಡು ಹಲ್ಲುಗಳು ಕತ್ತರಿಯ ಅಲಗುಗಳಂತೆ ಅಕ್ಕಪಕ್ಕ ಹಾದುಹೋಗುವುದರಿಂದ ಕಂಬಿ ನೆಟ್ಟಗೆ ನಿಲ್ಲುವುದಿಲ್ಲ, ವಾಲಲು ನೋಡುತ್ತದೆ. ಸ್ಟಾಪರ್ ಅದರ ಬೆನ್ನಿಗೆ ತಾಗಿ ನಿಂತು ವಾಲದಂತೆ ತಡೆಯುತ್ತದೆ. ಕಂಬಿಯ ದಪ್ಪ ಬದಲಾದಾಗಲೆಲ್ಲ ಅದನ್ನು ತಿರುಗಿಸಿ ಸರಿಮಾಡಿಕೊಳ್ಳಬೇಕು. ಹೆಚ್ಚೆಂದರೆ ಅರ್ಧ ನಿಮಿಷದ ಕೆಲಸ. ಕಟ್ಟಡದ ಜಾಗದಲ್ಲಿ ಆ ಅರ್ಧ ನಿಮಿಷಕ್ಕೆ ಇರುವಷ್ಟು ಬರ ಇನ್ನಾವುದಕ್ಕೂ ಇಲ್ಲ.

ನನಗೆ ಕೆಲಸ ಕಲಿಸಿದವರು ಶ್ರೀನಿವಾಸಯ್ಯ. ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್. ಬಿಳಿ ಅಂಗಿ ಬಿಟ್ಟು ಬೇರೆ ಹಾಕುತ್ತಿರಲಿಲ್ಲ, ಎಣ್ಣೆಯ ಕೆಲಸಕ್ಕೆ ಬಿಳಿ ಅಂಗಿಯೇ ಸರಿ ಎನ್ನುತ್ತಿದ್ದರು. ಯಾವ ಮಷೀನು ಬಂದರೂ ಮೊದಲು ಎರಡು ಹನಿ ಎಣ್ಣೆ ತೆಗೆದು ಅಂಗೈಯಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯುತ್ತಿದ್ದರು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಕಪ್ಪಾಗಿದ್ದರೆ ಕಾದಿದೆ, ಮಿಣುಕುತ್ತಿದ್ದರೆ ಒಳಗೆ ಕಬ್ಬಿಣ ಸವೆಯುತ್ತಿದೆ. ಆಯುಧಪೂಜೆಯ ಮರುವಾರ ಹಾಲಿನ ಬಣ್ಣದ ಎಣ್ಣೆಯೇ ಜಾಸ್ತಿ ಬರುತ್ತಿತ್ತು. ಭಕ್ತಿ ಹೆಚ್ಚಾಗಿ ಮಷೀನಿಗೂ ಬಿಂದಿಗೆಗಟ್ಟಲೆ ನೀರು ಸುರಿದು ತಲೆಸ್ನಾನ ಮಾಡಿಸಿರುತ್ತಿದ್ದರು. ಕುಂಕುಮ ಇಡಿ, ಹೂವು ಮುಡಿಸಿ, ಒಣಬಟ್ಟೆಯಲ್ಲಿ ಒರೆಸಿ. ಸ್ನಾನ ಬೇಡ.

ನನ್ನ ಮೊದಲ ಎಡವಟ್ಟು ಸೇರಿದ ಎರಡನೇ ತಿಂಗಳಲ್ಲೇ ಆಯಿತು. ಒಂದು ಮಷೀನಿನಲ್ಲಿ ಎಣ್ಣೆ ಕಮ್ಮಿಯಿದೆ ಎಂದು ಕಂಠಮಟ್ಟ ತುಂಬಿಸಿದೆ. ಪಿಸ್ಟನ್ ಪೂರ್ತಿ ಮುಂದೆ ಬಂದು ನಿಂತಿತ್ತು, ಅದನ್ನು ನಾನು ಗಮನಿಸಲಿಲ್ಲ. ಆಮೇಲೆ ಎಣ್ಣೆಯ ಒತ್ತಡ ಬಿಡುವ ಕವಾಟ ಸಡಿಲಿಸಿದೆ. ಪಿಸ್ಟನ್ ಹಿಂದೆ ಸರಿಯಿತು, ಅದರ ಜಾಗದಲ್ಲಿದ್ದ ಎಣ್ಣೆಗೆ ಒಳಗೆ ಎಡೆಯಿಲ್ಲ. ತುಂಬುವ ತೂತಿನಿಂದ ಚಿಮ್ಮಿ ನೇರವಾಗಿ ಶ್ರೀನಿವಾಸಯ್ಯನವರ ಎದೆಗೆ. ನನ್ನ ಕೆಲಸ ಹೋಯಿತು ಎಂದೇ ಅಂದುಕೊಂಡೆ.

ಅವರು ಅಂಗಿ ನೋಡಿಕೊಂಡರು, ನನ್ನನ್ನು ನೋಡಿದರು. "ಏನಮ್ಮಾ ನಾಗರತ್ನ, ಪಾತ್ರೇಲಿ ಸೌಟು ಇದ್ದಾಗ ಸಾರಿನ ಮಟ್ಟ ನೋಡ್ತೀಯೋ, ತೆಗೆದ್ಮೇಲೆ ನೋಡ್ತೀಯೋ?"

"ತೆಗೆದ್ಮೇಲೆ ಸಾರ್."

"ಇಲ್ಲಿ ಉಲ್ಟಾ. ಸೌಟು ಒಳಗೆ ಹೋದ್ಮೇಲೆ ನೋಡು. ಪಿಸ್ಟನ್ ಮನೆ ಸೇರಿದ್ಮೇಲೆ ಎಣ್ಣೆ."

ಅಷ್ಟೇ ಅವರು ಹೇಳಿದ್ದು. ಮಧ್ಯಾಹ್ನ ಮನೆಗೆ ಹೋಗಿ ಇನ್ನೊಂದು ಬಿಳಿ ಅಂಗಿ ಹಾಕಿಕೊಂಡು ಬಂದರು. ನಾನು ಆ ಪಾಠವನ್ನು ಮತ್ತೆಂದೂ ಮರೆಯಲಿಲ್ಲ.

ಅವರ ಇನ್ನೊಂದು ಪಾಠ ಚೀಟಿಯದು. ಮಷೀನಿನಿಂದ ಏನೇ ಬಿಚ್ಚಿದರೂ, ಅದು ಒಂದು ವಾಷರ್ ಆಗಿದ್ದರೂ, ಮಷೀನಿನ ನಂಬರು ಮತ್ತು ತಾರೀಖು ಬರೆದ ಚೀಟಿಯನ್ನು ತಂತಿಯಲ್ಲಿ ಸುತ್ತಿ ಅದಕ್ಕೆ ಕಟ್ಟಬೇಕು. "ಬಿಚ್ಚಿದ್ದು ನೀನು ಅಂದ್ರೆ ಅದು ನಿನ್ನ ತಲೆ ಮೇಲಿದೆ ಅಂತ ಅರ್ಥ. ಚೀಟಿ ಇಲ್ದಿದ್ರೆ ಮರ್ತುಬಿಡ್ತೀಯಾ" ಎನ್ನುತ್ತಿದ್ದರು. ಬೇರೆಯವರು ಬಿಚ್ಚಿದ ತಿರುಪುಗಳನ್ನೆಲ್ಲ ಒಂದೇ ತಟ್ಟೆಗೆ ಸುರಿದುಕೊಂಡು ಆಮೇಲೆ ಕಡಲೆಪುರಿಯಲ್ಲಿ ಬೀಜ ಹುಡುಕುವ ಹಾಗೆ ಹುಡುಕುತ್ತಿದ್ದರು. ನಾನು ಚೀಟಿ ಕಟ್ಟುತ್ತಿದ್ದೆ. ಶ್ರೀನಿವಾಸಯ್ಯ ನಿವೃತ್ತರಾಗಿ ಹೋದ ಮೇಲೂ ಬಿಡಲಿಲ್ಲ. ಈ ಅಭ್ಯಾಸ ಮುಂದೆ ನನ್ನನ್ನು ಎಲ್ಲಿ ತಂದು ನಿಲ್ಲಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಕಟ್ಟಡಗಳ ಜಾಗಕ್ಕೇ ಹೋಗಿ ರಿಪೇರಿ ಮಾಡುವುದೂ ನನ್ನ ಕೆಲಸವಾಗಿತ್ತು. ಒಮ್ಮೆ ಸರ್ಜಾಪುರದಿಂದ ಫೋನು ಬಂತು. ಅಲ್ಲಿ ಮುನಿಯಪ್ಪ ಎಂಬ ಹಿರಿಯರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸುತ್ತಿದ್ದರು. ಮಷೀನನ್ನು ಸ್ವಂತಕ್ಕೇ ಕೊಂಡಿದ್ದರು. ಎರಡು ಬಸ್ಸು ಬದಲಿಸಿ ಹೋಗಿ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ನೆನೆಹಾಕಿದ ಹುರುಳಿಯಂತೆ ಉಬ್ಬಿಕೊಂಡಿದ್ದವು.

"ಏನ್ ಹಾಕಿದ್ರಿ ಯಜಮಾನ್ರೇ ಇದಕ್ಕೆ?"

"ಎಣ್ಣೆ ಕಮ್ಮಿ ಆಗಿತ್ತು ಕಣಮ್ಮ. ಮನೇಲಿ ಬ್ರೇಕ್ ಎಣ್ಣೆ ಇತ್ತು, ಉಯ್ದೆ. ಎಣ್ಣೆ ಎಣ್ಣೇನೇ ಅಲ್ವಾ? ಇಂಗಾಯ್ತದೆ ಅಂತ ಯಾರ್ ಕಂಡಿದ್ರು?"

"ಹಂಗಾದ್ರೆ ಟ್ರ್ಯಾಕ್ಟರ್ ಇಂಜಿನ್‌ಗೆ ಹರಳೆಣ್ಣೆ ಹಾಕ್ತೀರಾ?"

ಮುನಿಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. "ಆಕಿದ್ದೆ ಒಂದ್ಸಲ" ಎಂದರು.

ಆ ಊರಿನ ಕೆಲಸಗಾರರಲ್ಲಿ ನಾನು ಇನ್ನೊಂದು ವಿಚಿತ್ರ ಕಂಡೆ. ಅದು ನಾನು ಕಂಡ ತಪ್ಪುಗಳಲ್ಲೆಲ್ಲ ಒಳ್ಳೆಯ ಮನಸ್ಸಿನ ತಪ್ಪು. ಮೇಲಿನ ಮಹಡಿಯಲ್ಲಿ ಕಂಬಿ ಕತ್ತರಿಸುವಾಗ ಒಬ್ಬ ಗುಂಡಿ ಒತ್ತುತ್ತಿದ್ದ, ಇನ್ನೊಬ್ಬ ಬಾಯಿಯ ಈಚೆ ಕೂತು ಗೇಣುದ್ದದ ತುಂಡನ್ನು ಬರಿಗೈಯಲ್ಲಿ ಹಿಡಿದಿದ್ದ. ಯಾಕಪ್ಪಾ ಎಂದರೆ, "ಕೆಳಗೆ ಹೆಂಗಸ್ರು ಇಟ್ಟಿಗೆ ಹೊರ್ತಾವ್ರೆ ಅಕ್ಕ, ತುಂಡು ಹಾರಿ ಅವರ ತಲೆ ಮೇಲೆ ಬಿದ್ರೆ?" ಎಂದ. ಗಿಡ್ಡ ತುಂಡು ಹಾರುತ್ತದೆ, ಅದು ನಿಜ. ಅದಕ್ಕೆ ಮಷೀನನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳಬೇಕು, ಇಲ್ಲವೇ ಮುಂದೆ ಗೋಣಿ ಕಟ್ಟಬೇಕು. ಇನ್ನೊಬ್ಬರ ತಲೆ ಉಳಿಸಲು ತನ್ನ ಬೆರಳು ಅಡ್ಡ ಇಡುವವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಮೆಲ್ಲಗೆ ಹೇಳಿ, ಗೋಣಿ ಕಟ್ಟಿಸಿ ಬಂದೆ.

ಶ್ರೀನಿವಾಸಯ್ಯನವರ ಜಾಗಕ್ಕೆ ಪ್ರಕಾಶ್ ಬಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಮ್ಯಾನೇಜರ್. ಅಂಗೈಯಲ್ಲಿ ಎಣ್ಣೆ ಉಜ್ಜುವ ಕಾಲ ಮುಗಿಯಿತು. ಪ್ರತಿ ಮಷೀನಿಗೂ ಒಂದು ಕಾರ್ಡು, ಕಾರ್ಡಿನಲ್ಲಿ ಹದಿಮೂರು ಚೌಕ, ಪ್ರತಿ ಚೌಕಕ್ಕೂ ಒಂದು ಗುರುತು. ಮಷೀನು ಬೆಳಿಗ್ಗೆ ಬಂದರೆ ಸಂಜೆ ಹೋಗಬೇಕು. ಅವರು ತಂದದ್ದೆಲ್ಲ ಕೆಟ್ಟದ್ದೆಂದು ಹೇಳಲಾರೆ. ಹಲ್ಲಿನ ಬೋಲ್ಟುಗಳನ್ನು ಎಷ್ಟು ಬಿಗಿ ಮಾಡಬೇಕು ಎಂದು ಅಳೆಯುವ ಸ್ಪ್ಯಾನರ್ ಬಂದದ್ದು ಅವರ ಕಾಲದಲ್ಲೇ. ಅದಕ್ಕೂ ಮೊದಲು ತೋಳಿನ ಅಂದಾಜೇ ನಮ್ಮ ಅಳತೆ, ಬೋಲ್ಟು ಸಡಿಲಾಗಿ ಹಲ್ಲು ಒಡೆದು ಬಂದ ಮಷೀನುಗಳೂ ಎಷ್ಟೋ. ಹಲ್ಲು ಒಂದು ಕಡೆ ಸವೆದರೆ ತಿರುಗಿಸಿ ಹಾಕಿ, ನಾಲ್ಕೂ ಅಂಚು ಮುಗಿದರೆ ಎರಡನ್ನೂ ಒಟ್ಟಿಗೇ ಬದಲಿಸಿ ಎಂದು ಬರೆಸಿ ಗೋಡೆಗೆ ಅಂಟಿಸಿದವರೂ ಅವರೇ.

ಆದರೆ ಅವರ ಬಾಯಲ್ಲಿ ಒಂದು ಮಾತು ಸದಾ ಇರುತ್ತಿತ್ತು. "ಕಸ್ಟಮರ್ ಕೇಳಿದ್ದು ಮಾಡ್ಕೊಡಿ ಮೇಡಂ, ಆರ್ಗ್ಯೂ ಮಾಡ್ಬೇಡಿ." ಕಸ್ಟಮರುಗಳು ಮೊದಲು ಕೇಳುತ್ತಿದ್ದುದೇ ಸ್ಟಾಪರ್ ತೆಗೆದುಕೊಡಿ ಎಂದು. "ಅಕ್ಕ, ಅದು ಸುಮ್ನೆ ಅಡ್ಡ. ಪ್ರತಿ ಸೈಜ್‌ಗೂ ಯಾವನು ತಿರುಗಿಸ್ತಾನೆ?" ಮೊದಮೊದಲು ಜಗಳ ಆಡಿದೆ. ಆಮೇಲೆ ಸುಸ್ತಾಯಿತು. ನಾನು ತೆಗೆಯದಿದ್ದರೆ ಅವರೇ ಸುತ್ತಿಗೆಯಲ್ಲಿ ಬಡಿದು ತೆಗೆದು ಮಷೀನಿನ ಬಾಯಿಯನ್ನೇ ಹಾಳು ಮಾಡುತ್ತಿದ್ದರು. ಹಾಗಾಗಿ ತೆಗೆದು, ಚೀಟಿ ಕಟ್ಟಿ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ವರ್ಷಗಳು ಕಳೆದಂತೆ ಡಬ್ಬಿ ಭಾರವಾಯಿತು, ನನ್ನ ಮನಸ್ಸು ಹಗುರವಾಯಿತು. ಸ್ಟಾಪರ್ ಇಲ್ಲದೆಯೂ ಏನೂ ಆಗುತ್ತಿಲ್ಲವಲ್ಲ ಎಂಬ ಧೈರ್ಯ ಅದು.

ಸ್ಟಾಪರನ್ನು ತೆಗೆಸದೆ ಉಳಿಸಿಕೊಂಡ ಗಿರಾಕಿ ನನಗೆ ನೆನಪಿರುವಂತೆ ಒಬ್ಬರೇ, ಹನುಮಂತಪ್ಪ. ಕೊಪ್ಪಳದ ಕಡೆಯವರು. ವೈಟ್‌ಫೀಲ್ಡ್ ಕಡೆ ಏಳುತ್ತಿದ್ದ ಒಂದು ದೊಡ್ಡ ಕಟ್ಟಡದಲ್ಲಿ ಕಂಬಿ ಕಟ್ಟುವ ತಂಡದ ಮೇಸ್ತ್ರಿ. ಅವರ ಊರಿನವರೇ ಹನ್ನೊಂದು ಜನ ತಂಡದಲ್ಲಿದ್ದರು, ಎಲ್ಲರೂ ಪಟ್ಟಂದೂರು ಅಗ್ರಹಾರದಲ್ಲಿ ಒಂದೇ ಸಾಲಿನ ಬಾಡಿಗೆ ಕೋಣೆಗಳಲ್ಲಿ ಇರುತ್ತಿದ್ದರು. ಮಷೀನು ಕಂಟ್ರಾಕ್ಟರ್ ಕಂಪನಿಯದು, ಆದರೆ ಸರ್ವೀಸಿಗೆ ಹನುಮಂತಪ್ಪನೇ ಹೊತ್ತು ತರುತ್ತಿದ್ದರು. ತಮ್ಮ ಎತ್ತನ್ನು ಲಾಳ ಹೊಡೆಸಲು ತಂದವರ ಹಾಗೆ ಮುಗಿಯುವ ತನಕ ಪಕ್ಕದಲ್ಲೇ ನಿಂತಿರುತ್ತಿದ್ದರು. "ಅಕ್ಕಾರ, ಎಲ್ಲಾ ಐತಿಲ್ರಿ?" ಎಂದು ಕೇಳಿ, ಸ್ಟಾಪರನ್ನು ಒಮ್ಮೆ ಬೆರಳಲ್ಲಿ ತಿರುಗಿಸಿ ನೋಡಿ ಹೋಗುತ್ತಿದ್ದರು.

ಒಂದು ಸಲ ಮಾತ್ರ ಅವರಿಗೆ ಬಿಡುವಾಗದೆ ಮಷೀನನ್ನು ಕಂಪನಿಯ ವ್ಯಾನಿನಲ್ಲಿ ಕಳಿಸಿದ್ದರು. ಅದರ ಸ್ಟಾಪರಿನ ಸುತ್ತ ಸಿಮೆಂಟು ಗಟ್ಟಿಯಾಗಿ ಕೂತಿತ್ತು. ಬಿಚ್ಚಿ ತೆಗೆಯುವಾಗ ಅದರ ಮರೆಗಳು, ಅಂದರೆ ತಿರುಪಿನ ಸುತ್ತುಗೆರೆಗಳು, ಹರಿದುಹೋದವು, ಮತ್ತೆ ಕೂರಿಸಲು ಬರಲಿಲ್ಲ. ಆ ಅಳತೆಯ ಹೊಸ ಸ್ಟಾಪರ್ ನಮ್ಮಲ್ಲಿ ಇರಲಿಲ್ಲ, ತರಿಸಲು ನಾಲ್ಕೈದು ದಿನ ಬೇಕು. ವ್ಯಾನಿನ ಡ್ರೈವರ್ ಹೊರಗೆ ಹಾರನ್ ಹೊಡೆಯುತ್ತಿದ್ದ. ನಾನು ಚೀಟಿ ಕಟ್ಟಿ ಸ್ಟಾಪರನ್ನು ಡಬ್ಬಿಗೆ ಹಾಕಿದೆ. ಕಾರ್ಡಿನ ಹದಿಮೂರು ಚೌಕಕ್ಕೂ ಗುರುತು ಹಾಕಿದೆ. ಹದಿಮೂರನೆಯದು ಸ್ಟಾಪರಿನದು.

ಮಷೀನು ಅಲ್ಲಿ ತಲುಪಿದ ಮೇಲೆ ಹನುಮಂತಪ್ಪನ ಫೋನು ಬಂತು.

"ಅಕ್ಕಾರ, ಇದಕ್ಕ ಸ್ಟಾಪರ್ ಇಲ್ಲಲ್ರಿ?"

"ಮರೆ ಹೋಗಿದೆ ಹನುಮಂತಪ್ಪ. ಹೊಸದು ತರಿಸ್ತಿದೀನಿ. ಅಲ್ಲೀತನಕ ನಡೆಯುತ್ತೆ ಬಿಡಿ, ಎಲ್ರೂ ಹಂಗೇ ಓಡಿಸ್ತಿದಾರೆ."

"ನೀವು ಹೇಳಿದ್ರ ಆತು ಬಿಡ್ರಿ" ಎಂದು ಫೋನಿಟ್ಟರು.

ಮೂರನೇ ದಿನ ಇಪ್ಪತ್ತೈದು ಎಂಎಂ ಕಂಬಿ ಕತ್ತರಿಸುವಾಗ ಅದು ಬಾಯಲ್ಲಿ ವಾಲಿ, ಎರಡು ಹಲ್ಲುಗಳ ನಡುವೆ ಸಿಕ್ಕಿಕೊಂಡು, ಉದ್ದನೆಯ ತುದಿ ಒಮ್ಮೆಲೇ ಪಕ್ಕಕ್ಕೆ ಬೀಸಿತು. ಹನುಮಂತಪ್ಪ ಎಡಗೈಯಲ್ಲಿ ಗುಂಡಿ ಒತ್ತಿ ಬಲಗೈಯಲ್ಲಿ ಕಂಬಿ ಹಿಡಿದಿದ್ದರು. ಬಲಗೈ ಆ ಕಂಬಿಗೂ ಪಕ್ಕದಲ್ಲಿ ಜೋಡಿಸಿದ್ದ ಕಂಬಿಗಳ ರಾಶಿಗೂ ನಡುವೆ ಸಿಕ್ಕಿ, ಮೂರು ಬೆರಳು ಜಜ್ಜಿಹೋದವು.

ಸುದ್ದಿ ನನಗೆ ತಲುಪಿದ್ದು ಎರಡು ದಿನ ಕಳೆದ ಮೇಲೆ, ಅದೇ ಡ್ರೈವರ್‌ನಿಂದ. "ಮೇಸ್ತ್ರಿ ಸ್ಟಾಪರ್ ಬಿಚ್ಚಾಕ್ಬಿಟ್ಟು ಕೆಲ್ಸ ಮಾಡ್ತಿದ್ನಂತೆ ಅಕ್ಕ. ಅವ್ನ ಗ್ಯಾಂಗನ್ನೇ ಸೈಟಿಂದ ಆಚೆ ಹಾಕ್ತಾರಂತೆ" ಎಂದ. ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಎಲ್ಲಿ ಇಟ್ಟೆನೋ ನೆನಪಿಲ್ಲ.

ಮರುದಿನ ರಜೆ ಹಾಕಿ ಪಟ್ಟಂದೂರು ಅಗ್ರಹಾರಕ್ಕೆ ಹೋದೆ. ಹನುಮಂತಪ್ಪ ಕೋಣೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು, ಬಲಗೈಗೆ ದಪ್ಪನೆಯ ಬ್ಯಾಂಡೇಜು. ಅವರ ಹೆಂಡತಿ ರೇಣವ್ವ ಚಹಾ ತಂದುಕೊಟ್ಟರು.

"ನಾನೇ ನಡೆಯುತ್ತೆ ಅಂದಿದ್ದೆ ಅಂತ ಅವರಿಗೆ ಹೇಳ್ಲಿಲ್ವಾ ನೀವು?" ಎಂದು ಕೇಳಿದೆ.

"ಹೇಳೀನ್ರಿ ಅಕ್ಕಾರ. ಯಾರ್ ನಂಬತಾರ್ರಿ? ಕಾರ್ಡಿನ್ಯಾಗ ಎಲ್ಲಾ ಬರೋಬ್ಬರಿ ಐತಿ ಅಂತ ಬರದೈತಂತ. ಹಂಗಾರ ನೀನಾ ಬಿಚ್ಚೀದಿ ಅಂತಾರ." ಅವರು ಬ್ಯಾಂಡೇಜಿನ ಕಡೆಗೊಮ್ಮೆ ನೋಡಿಕೊಂಡರು. "ಕೈ ಹೋದ್ರ ಹೋಗ್ಲಿರಿ. ನನ್ನ ನಂಬಿ ಊರಿಂದ ಹನ್ನೊಂದು ಮಂದಿ ಬಂದಾರ. ಅವರಿಗೂ ಕಳ್ಳ ಕೆಲಸದವ್ರು ಅಂತ ಹೆಸರು ಹತ್ತತೈತಿ. ಮುಂದ ಯಾವ ಸೈಟಿನ್ಯಾಗ ಕರೀತಾರ್ರಿ?"

ರೇಣವ್ವ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ನಡೆಯುತ್ತಿದ್ದದ್ದು ಅದೇ. ವ್ಯತ್ಯಾಸ ಏನೆಂದರೆ ಜ್ವರ ಬಂದ ಎತ್ತು ನಾನು, ಮತ್ತು ನಾನು ಸುಮ್ಮನೆ ನಿಂತು ನೋಡಬಹುದಿತ್ತು.

ಪ್ರಕಾಶ್ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದು ಕೂತರು. "ಮೇಡಂ, ನೀವು ಬಾಯ್ಬಿಟ್ರೆ ಆ ಕಂಪನಿ ಕೆಲ್ಸ ಪೂರ್ತಿ ನಮ್ಮ ಕೈ ತಪ್ಪುತ್ತೆ. ನಿಮ್ಮನ್ನ ಉಳಿಸೋಕೆ ನನ್ನ ಕೈಲೂ ಆಗಲ್ಲ. ನಿಮ್ಗೆ ಇನ್ನು ಎರಡು ವರ್ಷ ಸರ್ವೀಸ್ ಇದೆ. ಅವನ ಬೆರಳು ಹೆಂಗೂ ಮೊದ್ಲಿನ ಥರ ಆಗಲ್ಲ. ಯೋಚ್ನೆ ಮಾಡಿ."

ಯೋಚನೆ ಮಾಡಿದೆ. ನಿಜ ಹೇಳುತ್ತೇನೆ, ಒಂದಿಡೀ ದಿನ ನನಗೆ ಅವರ ಮಾತು ಸರಿ ಎನಿಸಿತ್ತು. ಡಬ್ಬಿಯಿಂದ ಆ ಸ್ಟಾಪರ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಚೀಟಿಯಲ್ಲಿ ಮಷೀನಿನ ನಂಬರು, ತಾರೀಖು, ಎಲ್ಲಾ ನನ್ನ ಕೈಬರಹ. ಅಪಘಾತಕ್ಕೆ ಮೂರು ದಿನ ಮುಂಚಿನ ತಾರೀಖು. ಆ ಚೀಟಿ ಹರಿದರೆ ಅದು ಡಬ್ಬಿಯಲ್ಲಿರುವ ಇನ್ನೊಂದು ಕಬ್ಬಿಣದ ತುಂಡು, ಅಷ್ಟೇ. ತಂತಿಯನ್ನು ಒಂದು ಸುತ್ತು ಬಿಚ್ಚಿಯೂ ಬಿಟ್ಟಿದ್ದೆ. ಇದನ್ನು ನನ್ನ ಮನೆಯವರಿಗೂ ಇಲ್ಲಿಯ ತನಕ ಹೇಳಿಲ್ಲ. ಏಕೆ ನಿಲ್ಲಿಸಿದೆ ಎಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. 'ಬಿಚ್ಚಿದ್ದು ನೀನು ಅಂದ್ರೆ ಅದು ನಿನ್ನ ತಲೆ ಮೇಲಿದೆ' ಎಂದ ಶ್ರೀನಿವಾಸಯ್ಯನವರ ಎಣ್ಣೆ ಮೆತ್ತಿದ ಬಿಳಿ ಅಂಗಿ ನೆನಪಾಯಿತು. ನಾಚಿಕೆಯಾಯಿತು. ತಂತಿಯನ್ನು ಮತ್ತೆ ಸುತ್ತಿದೆ.

ವಿಚಾರಣೆ ನಡೆದದ್ದು ಆ ಕಟ್ಟಡದ ಜಾಗದಲ್ಲೇ, ತಗಡಿನ ಆಫೀಸಿನಲ್ಲಿ. ಕಂಟ್ರಾಕ್ಟರ್ ಕಂಪನಿಯ ಸೇಫ್ಟಿ ಆಫೀಸರ್ ಮೇಜಿನ ಆಚೆ, ಪಕ್ಕದಲ್ಲಿ ಪ್ರಕಾಶ್, ಬಾಗಿಲ ಹತ್ತಿರ ಗೋಡೆಗೆ ಒರಗಿ ಹನುಮಂತಪ್ಪ. ಅವರಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ನನ್ನನ್ನು ಕರೆದೂ ಇರಲಿಲ್ಲ, ನಾನಾಗಿಯೇ ಹೋಗಿದ್ದೆ.

ಸೇಫ್ಟಿ ಆಫೀಸರ್ ನಮ್ಮ ಕಾರ್ಡನ್ನು ಎತ್ತಿ ತೋರಿಸಿದರು. "ಸರ್ವೀಸ್‌ನಿಂದ ಎಲ್ಲಾ ಸರಿಯಾಗೇ ಬಂದಿದೆ. ಸ್ಟಾಪರ್ ತೆಗೆದಿರೋದು ಇವರೇ. ಇನ್ನೇನಿದೆ?"

ನಾನು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಆ ಒಂದನ್ನು ತೆಗೆದು ಅವರ ಮುಂದೆ ಹಿಡಿದೆ.

"ಇದು ಆ ಮಷೀನಿಂದೇ ಸಾರ್. ನಂಬರ್ ನೋಡಿ, ತಾರೀಖು ನೋಡಿ. ತೆಗೆದಿದ್ದು ನಾನು. ಕಾರ್ಡಲ್ಲಿ ಸುಳ್ಳು ಗುರುತು ಹಾಕಿದ್ದೂ ನಾನೇ. ಇವರು ಫೋನ್ ಮಾಡಿ ಕೇಳಿದ್ರು. ನಡೆಯುತ್ತೆ ಅಂತ ಹೇಳಿದ್ದೂ ನಾನೇ."

ಅವರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಡಬ್ಬಿಯನ್ನು ಇಣುಕಿ ನೋಡಿ, "ಇವೆಲ್ಲಾ ಏನು?" ಎಂದರು.

"ಇವೂ ಅವೇ ಸಾರ್. ಬೇರೆ ಬೇರೆ ಮಷೀನಿಂದು. ಇವಕ್ಕೆಲ್ಲಾ ಇನ್ನೂ ಏನೂ ಆಗಿಲ್ಲ, ಅಷ್ಟೇ."

ಪ್ರಕಾಶ್ ತಲೆ ತಗ್ಗಿಸಿ ಕೂತಿದ್ದರು. ನಾನು ಹನುಮಂತಪ್ಪನ ಕಡೆ ತಿರುಗಿ "ನನ್ನಿಂದ ತಪ್ಪಾಯ್ತು" ಎಂದೆ. ಸೇಫ್ಟಿ ಆಫೀಸರ್ ಎದ್ದು ತಮ್ಮ ಪಕ್ಕದ ಕುರ್ಚಿಯನ್ನು ಎಳೆದು ಅವರಿಗೆ ಕೊಟ್ಟರು.

ತಂಡ ಉಳಿಯಿತು. ಆಸ್ಪತ್ರೆಯ ಹೊಣೆಯನ್ನು ಎರಡೂ ಕಂಪನಿಗಳು ಹೊತ್ತವು. ನನ್ನ ಕೆಲಸವೂ ಹೋಗಲಿಲ್ಲ, ಆದರೆ ಪ್ರಕಾಶ್ ನನ್ನನ್ನು ರಿಪೇರಿ ಬೆಂಚಿನಿಂದ ಎಬ್ಬಿಸಿ ಮುಂದಿನ ಕೌಂಟರಿನಲ್ಲಿ ಕೂರಿಸಿದರು. ಮಷೀನು ತೆಗೆದುಕೊಳ್ಳುವುದು, ಮಷೀನು ಕೊಡುವುದು. ಕೆಲವರು ಇಂಥ ಬರಹದಲ್ಲಿ ತಮಗೆ ಸಿಕ್ಕ ಬಡ್ತಿಗಳ ಬಗ್ಗೆ ಬರೆಯುತ್ತಾರೆ. ನನ್ನದು ಇಳಿತ, ಅದನ್ನೂ ಬರೆಯಬೇಕಲ್ಲ. ಸ್ಪ್ಯಾನರ್ ಹಿಡಿದ ಕೈಗೆ ಪೆನ್ನು ಹಿಡಿದು ಕೂರುವುದು ಶಿಕ್ಷೆಯೇ. ಅದು ನನಗೆ ಬೇಕಾಗಿದ್ದ ಶಿಕ್ಷೆ ಎಂದು ಒಪ್ಪಿಕೊಳ್ಳಲು ಕೆಲವು ತಿಂಗಳು ಹಿಡಿಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೌಂಟರಿನಲ್ಲಿ ಕೂತು ಮೊದಲು ಮಾಡಿದ ಕೆಲಸ ಡಬ್ಬಿಯಲ್ಲಿದ್ದ ಪ್ರತಿ ಚೀಟಿಯನ್ನು ಓದಿ ಆಯಾ ಗಿರಾಕಿಗೆ ಫೋನು ಮಾಡಿದ್ದು. ಕೆಲವರು ಬಂದು ಸ್ಟಾಪರ್ ಹಾಕಿಸಿಕೊಂಡು ಹೋದರು. ಕೆಲವರು "ಏನಕ್ಕ, ನೀವೇ ತೆಗ್ದು ಈಗ ನೀವೇ ಹಾಕ್ಸಿ ಅಂತೀರಲ್ಲ" ಎಂದು ನಕ್ಕರು. ನಕ್ಕವರಿಗೆ ಹನುಮಂತಪ್ಪನ ಕೈಯ ವಿಷಯ ಹೇಳಿದೆ. ಆಮೇಲೆ ಬಹುಪಾಲು ಜನ ಬಂದರು. ಡಬ್ಬಿಯ ತಳದಲ್ಲಿ ಇನ್ನೂ ಕೆಲವು ಉಳಿದಿವೆ, ಸೌಮ್ಯಾ, ಅವು ಈಗ ನಿನ್ನ ತಲೆಯ ಮೇಲಿವೆ.

ಎರಡನೆಯದು, ಒಂದು ನಿಯಮ ತಂದೆ. ಮಷೀನು ಕೌಂಟರು ದಾಟುವ ಮೊದಲು ಗಿರಾಕಿಯೇ ತನ್ನ ಕೈಯಾರೆ ಮೂರು ದಪ್ಪದ ಮೂರು ಕಂಬಿ ಕತ್ತರಿಸಬೇಕು, ಪ್ರತಿ ಸಲವೂ ಸ್ಟಾಪರ್ ತಿರುಗಿಸಿ. ಆಮೇಲೆ ಸಹಿ. ಕಾರ್ಡಿನ ಹದಿಮೂರನೇ ಚೌಕಕ್ಕೆ ಗುರುತು ಹಾಕುವುದು ಗಿರಾಕಿ, ನಾವಲ್ಲ. "ಲೇಟ್ ಆಗುತ್ತೆ ಮೇಡಂ" ಎಂದರು ಪ್ರಕಾಶ್. ಆಗಲಿ ಸಾರ್ ಎಂದೆ. ಒಂದು ವಾರ ಮುಖ ಗಂಟಿಕ್ಕಿಕೊಂಡು ಓಡಾಡಿ, ಆಮೇಲೆ ತಾವೇ ಅದನ್ನು ಬರೆಸಿ ಬೋರ್ಡು ಹಾಕಿಸಿದರು. ಮನುಷ್ಯ ಕೆಟ್ಟವರಲ್ಲ.

ಹನುಮಂತಪ್ಪನ ಬೆರಳುಗಳು ಉಳಿದವು, ಆದರೆ ಮೂರು ಬೆರಳು ಮಡಚಲು ಬರುವುದಿಲ್ಲ. ಕಂಬಿಗೆ ತಂತಿ ಕಟ್ಟುವ ಕೊಕ್ಕೆ ಆ ಕೈಯಲ್ಲಿ ನಿಲ್ಲುವುದಿಲ್ಲ. ತಂಡಕ್ಕೆ ಅಳತೆ ಹೇಳುವುದು, ನಕ್ಷೆ ನೋಡುವುದು, ಇಷ್ಟು ಅವರ ಕೆಲಸವಾಯಿತು. ಸುಮಾರು ಎರಡು ವರ್ಷ ನಮ್ಮ ವರ್ಕ್‌ಶಾಪಿಗೆ ಅವರು ಕಾಲಿಡಲಿಲ್ಲ, ತಂಡದ ಬೇರೆ ಯಾರಾದರೂ ಬರುತ್ತಿದ್ದರು. ನಾನು ಪ್ರತಿ ಸಲವೂ ಅವರ ಆರೋಗ್ಯ ವಿಚಾರಿಸುತ್ತಿದ್ದೆ. "ಅರಾಮ ಅದಾರ್ರಿ" ಎಂಬಷ್ಟೇ ಉತ್ತರ ಬರುತ್ತಿತ್ತು.

ನನ್ನ ಕೆಲಸದ ಕೊನೆಯ ವಾರ ಒಂದು ಬೆಳಿಗ್ಗೆ ಅವರೇ ಬಂದು ನಿಂತರು. ಅದೇ ಮಷೀನು. ಅದರ ಸರ್ವೀಸ್ ಮುಗಿದಿತ್ತು, ಒಯ್ಯಲು ಬಂದಿದ್ದರು. ನಾನು ಎದ್ದು ನಿಂತೆ.

"ಎಲ್ಲಾ ಸರಿ ಇದೆ ಹನುಮಂತಪ್ಪ. ಸ್ಟಾಪರ್ ನಾನೇ ನಿಂತು ಹಾಕ್ಸಿದೀನಿ" ಎಂದೆ.

"ಇರಬೋದ್ರಿ ಅಕ್ಕಾರ." ಅವರ ದನಿಯಲ್ಲಿ ಕೋಪವಿರಲಿಲ್ಲ. "ನಿಮ್ಮ ಮ್ಯಾಲ ಸಿಟ್ಟಿಲ್ರಿ ನನಗ. ಆ ದಿನ ನೀವು ಬಂದು ಹೇಳಿದ್ದಕ್ಕ ನಮ್ಮ ಮಂದಿ ಉಂಡಾರ, ಅದನ್ನ ಮರಿಯೂದಿಲ್ಲ. ಆದ್ರ ನೀವು ಹೇಳಿದ್ರ ಆತು ಅಂತ ಇನ್ನ ಅನ್ನೂದಿಲ್ರಿ. ನೋಡೇ ಒಯ್ತೀನಿ."

ಹೀಗೆಂದು ಮಷೀನನ್ನು ಎಡಗೈಯಲ್ಲಿ ತಮ್ಮ ಕಡೆ ಎಳೆದುಕೊಂಡು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸ್ಟಾಪರನ್ನು ಹಿಡಿಯಲು ನೋಡಿದರು. ಅದು ಜಾರಿತು. ಮತ್ತೆ ಹಿಡಿದರು, ಕಾಲು ಸುತ್ತು ತಿರುಗಿತು, ಮತ್ತೆ ಜಾರಿತು. ಮಡಚದ ಮೂರು ಬೆರಳು ಅಡ್ಡ ಬರುತ್ತಿದ್ದವು. ಎಡಗೈ ಬಳಸಿದ್ದರೆ ಆಗುತ್ತಿತ್ತು, ಆದರೆ ಅವರು ಬಳಸಲಿಲ್ಲ. ಹಿಂದೆ ನಿಂತಿದ್ದ ಗಿರಾಕಿಯೊಬ್ಬ "ಬೇಗ ಗುರು" ಎಂದು ಗೊಣಗಿದ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

"ಬ್ಯಾಡ್ರಿ. ನಾನಾ ಮಾಡ್ತೀನಿ" ಎಂದರು ಅವರು.

ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ಹತ್ತು ಎಂಎಂಗೆ ಸರಿಮಾಡಿ ಒಂದು ಕಂಬಿ ಕತ್ತರಿಸಿದರು. ಆಮೇಲೆ ಹದಿನಾರಕ್ಕೆ. ಆಮೇಲೆ ಇಪ್ಪತ್ತೈದಕ್ಕೆ ತಿರುಗಿಸಲು ಕೂತರು. ಇಪ್ಪತ್ತೆರಡು ವರ್ಷದಲ್ಲಿ ಬೇಗ ಬೇಗ ಎಂದು ನಾನು ಉಳಿಸಿದ ಅರ್ಧ ನಿಮಿಷಗಳೆಲ್ಲ ಆ ಕೌಂಟರಿನ ಮೇಲೆ ಬಂದು ಕೂತಂತೆ ಅನಿಸಿತು. ಅಳು ಬಂತು, ತಡೆದುಕೊಂಡೆ. ಹಿಂದಿನ ಗಿರಾಕಿಗೆ "ಸ್ವಲ್ಪ ಇರಪ್ಪ" ಎಂದೆ.

ಮೂರನೇ ಕಂಬಿ ನೆಟ್ಟಗೆ ತುಂಡಾಗಿ ಬಿತ್ತು. ಹನುಮಂತಪ್ಪ ತುಂಡನ್ನು ಎತ್ತಿ ಅದರ ತುದಿಯನ್ನು ನೋಡಿದರು, ನನಗೂ ತೋರಿಸಿದರು. ಆಮೇಲೆ ಪೆನ್ನು ಕೇಳಿ ತೆಗೆದುಕೊಂಡು, ಎಡಗೈಯಲ್ಲಿ ನಿಧಾನವಾಗಿ, ಹದಿಮೂರನೇ ಚೌಕಕ್ಕೆ ಗುರುತು ಹಾಕಿದರು.